ಗಿಳಿ ಮರಿ ಪೊಟರೆಯಲ್ಲೇ ಇರಲಿ: ಕಳ್ಳರಿಂದ ಕಾಯುವುದು, ಸಿಕ್ಕಿದ್ದನ್ನು ಉಳಿಸುವುದು ಹೇಗೆ?

ಗಿಳಿ ಕಂಡರೆ ಎಲ್ಲರಿಗೂ ಇಷ್ಟ. ಅದರ ಕಷ್ಟ ಶುರುವಾಗುವುದೂ ಅಲ್ಲಿಂದಲೇ. ಕಾಗೆ ಮರಿ ಬೇಕು ಅಂತ ಯಾರೂ ಮರ ಹತ್ತುವುದಿಲ್ಲ. ಗಿಳಿಗಾದರೆ ಗಿರಾಕಿ ಇದ್ದಾರೆ. ಮಕ್ಕಳು ಆಡಿಕೊಳ್ಳಲಿ ಅಂತ ಕೊಳ್ಳುವವರು, ಮಾತು ಕಲಿಸೋಣ ಅಂತ ಕೊಳ್ಳುವವರು, ಗಿಳಿಶಾಸ್ತ್ರ ಹೇಳುವವರು, ಕೊನೆಗೆ ಪಾಪ ಅಂತ ಬಿಡಿಸಲು ಕೊಳ್ಳುವವರು. ಇವರೆಲ್ಲರ ದುಡ್ಡು ಹೋಗಿ ಸೇರುವುದು ಒಂದೇ ಕಡೆ, ಮರದ ಪೊಟರೆಗೆ ಕೈ ಹಾಕುವವನ ಜೇಬಿಗೆ.

ಹಾಗಾಗಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗಿಳಿಯನ್ನು ದುಡ್ಡು ಕೊಟ್ಟು ಬಿಡಿಸಬೇಡಿ. ಎಷ್ಟೇ ಕರುಣೆ ಉಕ್ಕಿದರೂ ಬೇಡ. ನೀವು ಕೊಂಡ ಒಂದು ಗಿಳಿಯ ಜಾಗಕ್ಕೆ ಮುಂದಿನ ವಾರ ಇನ್ನೊಂದು ಮರಿ ಬರುತ್ತದೆ. ಬೇರೆ ದಾರಿಗಳಿವೆ. ಒಂದೊಂದಾಗಿ ನೋಡೋಣ.

ಯಾವ ಗಿಳಿ, ಏನು ಕಾನೂನು

ಊರಲ್ಲಿ, ತೋಟದಲ್ಲಿ, ಬೆಂಗಳೂರಿನ ರಸ್ತೆ ಮರಗಳಲ್ಲಿ ಜಾಸ್ತಿ ಕಾಣುವುದು ಗುಲಾಬಿ ಕೊರಳಿನ ಗಿಳಿ. ಬಾಲ ಸೇರಿ ಸುಮಾರು 40 ಸೆಂ.ಮೀ. ಉದ್ದ. ಕೊರಳ ಪಟ್ಟಿ ಇರುವುದು ಬೆಳೆದ ಗಂಡಿಗೆ ಮಾತ್ರ. ಇದಕ್ಕಿಂತ ದೊಡ್ಡದು, ಭುಜದ ಮೇಲೆ ಕಡುಗೆಂಪು ಮಚ್ಚೆ ಇದ್ದರೆ ಅದು ಅಲೆಕ್ಸಾಂಡ್ರೈನ್ ಗಿಳಿ. ಕಳ್ಳಪೇಟೆಯಲ್ಲಿ ಇದಕ್ಕೆ ಬೆಲೆ ಹೆಚ್ಚು. ಗಂಡಿನ ತಲೆ ಹಣ್ಣು ನೇರಳೆಯ ಬಣ್ಣಕ್ಕಿದ್ದರೆ ಕೆಂದಲೆ ಗಿಳಿ. ಪಶ್ಚಿಮ ಘಟ್ಟದಲ್ಲಿ ನೀಲಿ ರೆಕ್ಕೆಯ ಗಿಳಿ ಇದೆ, ಅದು ಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಮಲೆನಾಡಿನಲ್ಲಿ ಗುಬ್ಬಿ ಗಾತ್ರದ, ತಲೆಕೆಳಗಾಗಿ ನೇತುಬಿದ್ದು ನಿದ್ದೆ ಮಾಡುವ ಪುಟ್ಟ ಗಿಳಿಯೂ ಇದೆ.

ಇವೆಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಟ್ಟು ಸಾಕುವುದು ಯಾವುದೂ ಮಾಡುವಂತಿಲ್ಲ. ಗೂಡು ಕೆಡಿಸುವುದು, ಮೊಟ್ಟೆ ತೆಗೆಯುವುದು ಕೂಡ ಈ ಕಾಯ್ದೆಯ ಪ್ರಕಾರ ಬೇಟೆಯೇ. 2022ರ ತಿದ್ದುಪಡಿಯ ನಂತರ ಗುಲಾಬಿ ಕೊರಳಿನ ಗಿಳಿ ಎರಡನೇ ಅನುಸೂಚಿಯಲ್ಲಿದೆ. ಅಪರಾಧ ಸಾಬೀತಾದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಅಂಗಡಿಯವರು ಹೇಳುವ ಒಂದು ಮಾಮೂಲಿ ಸುಳ್ಳು ಗೊತ್ತಿರಲಿ. "ಇದು ಕಾಡಿನದಲ್ಲ ಸರ್, ಫಾರ್ಮಿನಲ್ಲಿ ಮರಿ ಮಾಡಿಸಿದ್ದು." ಆಸ್ಟ್ರೇಲಿಯಾ ಮೂಲದ ಬಡ್ಜಿಗೋ ಆಫ್ರಿಕಾ ಮೂಲದ ಲವ್ ಬರ್ಡ್‌ಗೋ ಆ ಮಾತು ಸರಿ ಇರಬಹುದು. ಅವನ್ನು ಮಾರುವುದಕ್ಕೆ ನಮ್ಮ ಗಿಳಿಗಿರುವಂಥ ನಿಷೇಧವಿಲ್ಲ. ನಮ್ಮ ನಾಡಿನ ಗಿಳಿ ಎಲ್ಲಿ ಹುಟ್ಟಿದರೂ ಕಾಯ್ದೆಯೊಳಗೇ ಬರುತ್ತದೆ.

ಹೆಜ್ಜೆ 1: ನಿಮ್ಮೂರಿನ ಗಿಳಿ ಮರ ಯಾವುದು ಅಂತ ತಿಳಿದುಕೊಳ್ಳಿ

ಗಿಳಿ ಕಾಯುವ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದು. ಹಿಡಿದ ಮೇಲೆ ಬಿಡಿಸುವುದಕ್ಕಿಂತ ಹಿಡಿಯದಂತೆ ನೋಡಿಕೊಳ್ಳುವುದು ನೂರು ಪಾಲು ಸುಲಭ.

ಗಿಳಿ ಕಡ್ಡಿ ಕಸ ತಂದು ಗೂಡು ಕಟ್ಟುವುದಿಲ್ಲ. ಮರಕುಟಿಗ, ಕುಟ್ರು ಹಕ್ಕಿ ಕೊರೆದು ಬಿಟ್ಟ ತೂತು, ಕೊಂಬೆ ಕೊಳೆತು ಆದ ಪೊಟರೆ, ಸುಳಿ ಸತ್ತು ನಿಂತ ತೆಂಗಿನ ಬೊಡ್ಡೆ, ಹಳೇ ದೇವಸ್ಥಾನದ ಗೋಡೆ ಸಂದಿ ಇಂಥ ಕಡೆ ಮೊಟ್ಟೆ ಇಡುತ್ತದೆ. ಒಳ್ಳೆ ಪೊಟರೆ ಸಿಗುವುದು ಕಷ್ಟ. ಸಿಕ್ಕಿದ್ದನ್ನು ವರ್ಷ ವರ್ಷವೂ ಬಳಸುತ್ತವೆ. ಇದು ಕಳ್ಳನಿಗೂ ಗೊತ್ತು. ಹೋದ ವರ್ಷ ಮರಿ ಸಿಕ್ಕ ಮರಕ್ಕೆ ಈ ವರ್ಷವೂ ಬರುತ್ತಾನೆ. ಅವನಿಗೆ ಗೊತ್ತಿರುವ ಮರ ನಮಗೂ ಗೊತ್ತಿರಬೇಕು, ಅಷ್ಟೇ ಲೆಕ್ಕ.

ನಮ್ಮ ಕಡೆ ಗಿಳಿ ಮರಿ ಮಾಡುವುದು ಸಾಮಾನ್ಯವಾಗಿ ಡಿಸೆಂಬರ್–ಜನವರಿಯಿಂದ ಏಪ್ರಿಲ್–ಮೇ ತನಕ. ಸಂಕ್ರಾಂತಿಯಿಂದ ಯುಗಾದಿ ದಾಟುವವರೆಗೆ ಅಂತ ನೆನಪಿಟ್ಟುಕೊಂಡರೆ ಸಾಕು. ಮೊಟ್ಟೆಗೆ ಕಾವು ಕೊಡಲು ಮೂರು ವಾರಕ್ಕೂ ಸ್ವಲ್ಪ ಜಾಸ್ತಿ ಬೇಕು. ಮರಿ ಪೊಟರೆ ಬಿಟ್ಟು ಹಾರಲು ಮತ್ತೆ ಆರೇಳು ವಾರ. ಪುಕ್ಕ ಮೊಳೆಯುತ್ತಿರುವ, ಇನ್ನೂ ಹಾರಲಾರದ ಮರಿಯ ಮೇಲೇ ಕಳ್ಳರ ಕಣ್ಣು. ಯಾಕೆಂದರೆ ಆ ವಯಸ್ಸಿನ ಮರಿ ಮನುಷ್ಯರಿಗೆ ಬೇಗ ಹೊಂದಿಕೊಳ್ಳುತ್ತದೆ, ಸಾಗಿಸುವುದೂ ಸುಲಭ.

ಪೊಟರೆ ಪತ್ತೆ ಮಾಡಲು ಮರ ಹತ್ತಬೇಕಿಲ್ಲ. ಬೆಳಿಗ್ಗೆ ಅಥವಾ ಸಂಜೆ ದೂರದಲ್ಲಿ ಕೂತು ನೋಡಿ. ಜೋಡಿ ಗಿಳಿ ಒಂದೇ ತೂತಿನ ಸುತ್ತ ಸುಳಿಯುತ್ತಿದ್ದರೆ, ಗಂಡು ಬಂದು ಕೊಕ್ಕಿಗೆ ಕೊಕ್ಕು ಸೇರಿಸಿ ಹೆಣ್ಣಿಗೆ ಉಣಿಸುತ್ತಿದ್ದರೆ ಅಲ್ಲಿ ಸಂಸಾರ ನಡೆದಿದೆ ಅಂತ ಅರ್ಥ. ತೂತಿನ ಅಂಚು ಹೊಸದಾಗಿ ಕಡಿದಂತಿರುತ್ತದೆ, ಕೆಳಗೆ ಹಿಕ್ಕೆ ಬಿದ್ದಿರುತ್ತದೆ.

ಮರ ಗೊತ್ತಾದ ಮೇಲೆ ಊರಲ್ಲಿ ಯಾರು ಯಾರಿಗೆ ಹೇಳಬೇಕು ಅನ್ನುವುದು ಯೋಚಿಸಿ ಮಾಡುವ ಕೆಲಸ. ಮರದ ಎದುರಿನ ಟೀ ಅಂಗಡಿಯವರು, ಕುರಿ ಮೇಯಿಸುವವರು, ದೇವಸ್ಥಾನದ ಅರ್ಚಕರು, ಶಾಲೆಯ ಮೇಷ್ಟ್ರು ಇವರಿಗೆ ಹೇಳಿ. ಹಗಲೆಲ್ಲ ಮರದ ಮೇಲೆ ಕಣ್ಣಿರುವುದು ಇವರಿಗೇ. "ಯಾರಾದ್ರೂ ಹತ್ತಿದ್ರೆ ನಂಗೊಂದು ಫೋನ್ ಮಾಡಣ್ಣ" ಅಂದರೆ ಸಾಕು. ಆದರೆ ಪೊಟರೆಯ ಫೋಟೊ ತೆಗೆದು ಜಾಗದ ಹೆಸರು ಹಾಕಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗೆ ಏರಿಸಬೇಡಿ. ಗಿಳಿ ಸಾಕಿ ಹದ್ದಿನ ಬಾಯಿಗೆ ಕೊಟ್ಟ ಹಾಗೆ ಆಗುತ್ತದೆ.

ಇನ್ನೊಂದು ಶತ್ರು ಕಳ್ಳನಲ್ಲ, ಗರಗಸ. ಬೇಸಿಗೆಯಲ್ಲಿ ಕರೆಂಟ್ ತಂತಿಗೆ ತಾಗುವ ಕೊಂಬೆ ಕಡಿಯಲು ಬರುತ್ತಾರೆ. ತೋಟದಲ್ಲಿ ಒಣ ತೆಂಗು ಉರುಳಿಸುತ್ತಾರೆ. ಸರಿಯಾಗಿ ಮರಿ ಇರುವ ಹೊತ್ತು ಅದು. ಕಡಿಯುವ ಮುಂಚೆ ಕೊಂಬೆಯಲ್ಲಿ ಪೊಟರೆ ಇದೆಯಾ ನೋಡಿ ಅಂತ ಕೇಳಿಕೊಳ್ಳಿ. ಬೇಡ ಅನ್ನುವವರು ಕಡಿಮೆ, ಯಾರೂ ಹೇಳಿರುವುದಿಲ್ಲ ಅಷ್ಟೇ. ತೋಟ ನಿಮ್ಮದೇ ಆದರೆ ಅಪಾಯವಿಲ್ಲದ ಕಡೆ ನಿಂತ ಒಣ ಬೊಡ್ಡೆಯನ್ನು ಮಳೆಗಾಲದವರೆಗೆ ಸುಮ್ನೆ ಬಿಡಿ. ಆಗಲೇ ಕಡಿದಾಗಿದೆ, ಒಳಗೆ ಮರಿ ಬದುಕಿದೆ ಅಂದರೆ ಪೊಟರೆ ಇರುವ ತುಂಡನ್ನು ಸೀಳದೆ ಇಡಿಯಾಗಿ ಕೊಯ್ದು, ಪಕ್ಕದ ಮರಕ್ಕೆ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ನೆಟ್ಟಗೆ ಕಟ್ಟಿಸಿ. ತಳ ಭದ್ರವಾಗಿ ಮುಚ್ಚಿರಬೇಕು. ಅಪ್ಪ ಅಮ್ಮ ಹುಡುಕಿಕೊಂಡು ಬರುವ ಸಾಧ್ಯತೆ ಚೆನ್ನಾಗಿಯೇ ಇದೆ. ಸಂಜೆಯೊಳಗೆ ಬಾರದಿದ್ದರೆ ಮಾತ್ರ ವನ್ಯಜೀವಿ ರಕ್ಷಣಾ ಕೇಂದ್ರಕ್ಕೆ (ಹೆಜ್ಜೆ 4 ನೋಡಿ) ಕರೆ ಮಾಡಿ.

ಹೆಜ್ಜೆ 2: ಕಳ್ಳರ ಸುಳಿವು ಹಿಡಿಯಿರಿ

ಮರಿ ತೆಗೆಯುವವರು ಹಗಲಲ್ಲೇ ಬರುತ್ತಾರೆ. ಜೇನು ಕೀಳಲು ಬಂದವರ ಹಾಗೆ, ಮೇವಿನ ಸೊಪ್ಪಿಗೆ ಬಂದವರ ಹಾಗೆ ಕಾಣುತ್ತಾರೆ. ಕೈಯಲ್ಲಿ ಹಗ್ಗ, ಸಣ್ಣ ಮಚ್ಚು ಅಥವಾ ಉಳಿ, ಬಟ್ಟೆ ಚೀಲ. ಮರದ ಕೆಳಗೆ ಹೊಸ ಮರದ ಚಕ್ಕೆ ಬಿದ್ದಿದ್ದರೆ, ಪೊಟರೆಯ ಬಾಯಿ ಕೈ ಹೋಗುವಷ್ಟು ಅಗಲವಾಗಿದ್ದರೆ, ಕಾಂಡಕ್ಕೆ ಹತ್ತಲು ಮೊಳೆ ಹೊಡೆದಿದ್ದರೆ ಅನುಮಾನ ಪಡಿ. ದೊಡ್ಡ ಗಿಳಿ ಹಿಡಿಯುವವರದು ಬೇರೆ ದಾರಿ. ಆಲದ ಹಾಲಿನಂಥ ಅಂಟು ಸವರಿದ ಕಡ್ಡಿಗಳನ್ನು ಕೊಂಬೆಗೆ ಸಿಕ್ಕಿಸುತ್ತಾರೆ, ಇಲ್ಲವೇ ಕಾಳು ಚೆಲ್ಲಿ ಬಲೆ ಹಾಸುತ್ತಾರೆ. ಪಕ್ಕದಲ್ಲಿ ಪಳಗಿಸಿದ ಗಿಳಿಯೊಂದನ್ನು ಕಟ್ಟಿ ಕೂಗಿಸುವುದೂ ಉಂಟು. ಸಂಜೆ ಗಿಳಿಗಳು ಗುಂಪಾಗಿ ಬಂದು ತಂಗುವ ಮರದ ಸುತ್ತ ಕತ್ತಲಲ್ಲಿ ಟಾರ್ಚ್ ಹಿಡಿದು ಓಡಾಡುವವರ ಮೇಲೂ ಗಮನವಿರಲಿ.

ಬಸ್ಸಿನಲ್ಲಿ, ರೈಲಿನಲ್ಲಿ ಸಾಗಿಸುವಾಗ ಬಟ್ಟೆ ಮುಚ್ಚಿದ ಬುಟ್ಟಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆ, ಒಳಗಿನಿಂದ ಕಿರ್‍ರ್ ಕಿರ್‍ರ್ ಅನ್ನುವ ಸದ್ದು. ಒಂದರ ಮೇಲೊಂದು ತುಂಬಿರುತ್ತಾರೆ. ಊರು ಮುಟ್ಟುವ ಮುಂಚೆಯೇ ಎಷ್ಟೋ ಸಾಯುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಹಿಂದೆ ಹಕ್ಕಿ ಹಿಡಿಯುವುದನ್ನೇ ಕಸುಬು ಮಾಡಿಕೊಂಡಿದ್ದ ಸಮುದಾಯಗಳಿವೆ. ಕಾನೂನು ಬಂದ ಮೇಲೆ ಅವರಲ್ಲಿ ಬಹಳ ಜನ ಬೇರೆ ಕೆಲಸಕ್ಕೆ ಹೋಗಿದ್ದಾರೆ. ಜಾತಿ ನೋಡಿ, ವೇಷ ನೋಡಿ ಯಾರನ್ನೂ ಕಳ್ಳ ಅನ್ನಬೇಡಿ. ಕಣ್ಣಿಗೆ ಕಂಡ ಕೆಲಸದ ಬಗ್ಗೆ ಮಾತ್ರ ದೂರು ಕೊಡಿ. ನನ್ನ ಕೇಳಿದರೆ ಮರ ಹತ್ತುವ ಬಡವನಿಗಿಂತ ಎಸಿ ಕೋಣೆಯಲ್ಲಿ ಪಂಜರ ತೂಗುಹಾಕುವವರ ಮೇಲೆ ಸಿಟ್ಟು ಬರಬೇಕು.

ಹೆಜ್ಜೆ 3: ಫೋನ್ ಮಾಡಿ, ಜಗಳಕ್ಕೆ ನಿಲ್ಲಬೇಡಿ

ಒಬ್ಬರೇ ಹೋಗಿ ಎದುರು ನಿಲ್ಲಬೇಡಿ. ಅವರ ಕೈಯಲ್ಲಿ ಮಚ್ಚಿರುತ್ತದೆ. ನಾಲ್ಕು ಜನ ಸೇರಿ ಹೊಡೆಯುವುದಂತೂ ಬೇಡವೇ ಬೇಡ. ಆಮೇಲೆ ಕೇಸು ನಿಮ್ಮ ಮೇಲೇ ತಿರುಗುತ್ತದೆ, ಗಿಳಿಯ ವಿಷಯ ಮೂಲೆಗೆ ಹೋಗುತ್ತದೆ.

ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926. ಪೊಲೀಸರಿಗೆ 112. ಇದರ ಜತೆಗೆ ನಿಮ್ಮ ವಲಯದ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಮತ್ತು ಬೀಟ್ ಗಾರ್ಡ್ ನಂಬರನ್ನು ಇವತ್ತೇ ಕೇಳಿ ಇಟ್ಟುಕೊಳ್ಳಿ. ಬೇಕಾದಾಗ ಹುಡುಕುತ್ತಾ ಕೂತರೆ ಕಳ್ಳ ತಾಲ್ಲೂಕು ದಾಟಿರುತ್ತಾನೆ. ಬೀಟ್ ಗಾರ್ಡ್ ಅಂದರೆ ನಿಮ್ಮ ಊರಿನ ಕಾಡಂಚನ್ನು ದಿನವೂ ಸುತ್ತುವ ಮನುಷ್ಯ. ಅವರ ಪರಿಚಯ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಫೋನಿನಲ್ಲಿ ಕಥೆ ಹೇಳಬೇಡಿ. ಹೀಗೆ ಹೇಳಿ:

"ಸರ್, ಇಲ್ಲಿ ಕೆರೆ ಏರಿ ಮೇಲಿನ ಆಲದ ಮರದ ಹತ್ತಿರ ಇಬ್ಬರು ಗಿಳಿ ಮರಿ ತೆಗೀತಿದ್ದಾರೆ. ಒಬ್ಬ ಮರದ ಮೇಲಿದ್ದಾನೆ, ಇನ್ನೊಬ್ಬ ಕೆಳಗೆ ಚೀಲ ಹಿಡ್ಕೊಂಡಿದ್ದಾನೆ. ಕಪ್ಪು ಬೈಕು, ನಂಬರ್ ಹೇಳ್ತೀನಿ ಬರ್ಕೊಳ್ಳಿ. ಈಗಲೂ ಇಲ್ಲೇ ಇದ್ದಾರೆ. ನಾನು ದೂರದಲ್ಲಿ ನಿಂತಿದ್ದೀನಿ, ಲೊಕೇಶನ್ ಕಳಿಸ್ತೀನಿ."

ಎಲ್ಲಿ, ಎಷ್ಟು ಜನ, ಏನು ಮಾಡುತ್ತಿದ್ದಾರೆ, ಯಾವ ಗಾಡಿ, ಈಗ ಎಲ್ಲಿದ್ದಾರೆ. ಇಷ್ಟು ಬಂದರೆ ಆಯಿತು. ಫೋನ್ ತೆಗೆದುಕೊಂಡವರ ಹೆಸರು, ಸಮಯ ಬರೆದಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ದೂರದಿಂದ ಒಂದೆರಡು ಫೋಟೊ, ಸಣ್ಣ ವಿಡಿಯೊ ಇರಲಿ. ಅದನ್ನು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ, ಅಧಿಕಾರಿಗೆ ಮಾತ್ರ ಕಳಿಸಿ. ಗುಂಪಿಗೆ ಬಿದ್ದ ವಿಡಿಯೊ ಕಳ್ಳನ ಫೋನಿಗೂ ಬರಲು ಹತ್ತು ನಿಮಿಷ ಸಾಕು.

ಗಿಳಿ ಸಮೇತ ಸಿಕ್ಕಿಬಿದ್ದರೆ ಸ್ಥಳದಲ್ಲೇ ಮಹಜರು, ಅಂದರೆ ಅಲ್ಲಿ ಕಂಡದ್ದರ ದಾಖಲೆ ಬರೆಯುತ್ತಾರೆ. ಸಾಕ್ಷಿಗೆ ಸಹಿ ಹಾಕುತ್ತೀರಾ ಅಂತ ಕೇಳುತ್ತಾರೆ. ಬಹಳ ಜನ ಹಿಂದೆ ಸರಿಯುವುದು ಈ ಹಂತದಲ್ಲೇ. ಕೋರ್ಟು ಅಲೆಯಬೇಕು ಅನ್ನುವ ಭಯ ಸಹಜ. ಆದರೆ ಸಾಕ್ಷಿ ಇಲ್ಲದ ಕೇಸು ನಿಲ್ಲುವುದಿಲ್ಲ. ಸಾಧ್ಯವಾದರೆ ಹಾಕಿ. ಏನು ಬರೆದಿದ್ದಾರೆ ಅಂತ ಪೂರ್ತಿ ಓದಿಸಿಕೊಂಡು, ಕಂಡಷ್ಟಕ್ಕೆ ಮಾತ್ರ ಸಹಿ ಮಾಡಿ.

ಸಂತೆಯಲ್ಲೋ ಅಕ್ವೇರಿಯಂ ಅಂಗಡಿಯಲ್ಲೋ ಗಿಳಿ ಮಾರುತ್ತಿದ್ದರೂ ಕೆಲಸ ಇದೇ. ಮುಂದೆ ಲವ್ ಬರ್ಡ್ ಇಟ್ಟು ಹಿಂದಿನ ಕೋಣೆಯಿಂದ ನಮ್ಮ ಗಿಳಿ ತಂದುಕೊಡುವವರಿದ್ದಾರೆ. ವ್ಯಾಪಾರ ಕುದುರಿಸುವ ನಾಟಕ ಮಾಡಿ ಅವರನ್ನು ಹಿಡಿದುಕೊಡುವ ಸಾಹಸ ನಿಮ್ಮದಲ್ಲ. ಅಂಗಡಿಯ ಹೆಸರು, ಜಾಗ, ಮಾರುವ ದಿನ ಗಮನಿಸಿ ತಿಳಿಸಿ. ಮೊಬೈಲ್‌ನಲ್ಲಿ ಜಾಹೀರಾತು ಕಂಡರೆ ಸ್ಕ್ರೀನ್‌ಶಾಟ್ ತೆಗೆಯಿರಿ. ಅದರಲ್ಲಿ ಖಾತೆಯ ಹೆಸರು, ದಿನಾಂಕ, ಫೋನ್ ನಂಬರ್ ಕಾಣಬೇಕು. ಲಿಂಕ್ ಕೂಡ ಉಳಿಸಿಕೊಳ್ಳಿ. ಕಾಮೆಂಟಿನಲ್ಲಿ ಬೈದರೆ ಅವನು ಪೋಸ್ಟ್ ಅಳಿಸಿ ಇನ್ನೊಂದು ಹೆಸರಲ್ಲಿ ಬರುತ್ತಾನೆ. ರಾಜ್ಯ ದಾಟಿ ನಡೆಯುವ ವ್ಯಾಪಾರ ಅನ್ನಿಸಿದರೆ ಕೇಂದ್ರ ಸರ್ಕಾರದ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊಗೂ ದೂರು ಕಳಿಸಬಹುದು.

ಹೆಜ್ಜೆ 4: ಗಾಯಗೊಂಡ ಗಿಳಿ ಸಿಕ್ಕಾಗ ಮೊದಲ ಅರ್ಧ ಗಂಟೆ

ಗಾಜಿಗೆ ಡಿಕ್ಕಿ, ಬೆಕ್ಕಿನ ಬಾಯಿ, ಕರೆಂಟ್ ತಂತಿ, ಗಾಳಿಪಟದ ಹರಿತವಾದ ಮಾಂಜಾ ದಾರ. ಪಟ್ಟಣದಲ್ಲಿ ಗಿಳಿ ನೆಲಕ್ಕೆ ಬೀಳುವುದು ಹೆಚ್ಚಾಗಿ ಇವುಗಳಿಂದ. ಮಾಡಬೇಕಾದ್ದು ಕಡಿಮೆ, ಮಾಡಬಾರದ್ದೇ ಜಾಸ್ತಿ.

ಒಂದು ದಪ್ಪ ಟವೆಲ್ ತಗೊಳ್ಳಿ. ಹಿಂದಿನಿಂದ ಮೆಲ್ಲಗೆ ಗಿಳಿಯ ಮೇಲೆ ಹಾಕಿ. ತಲೆಯ ಎರಡೂ ಬದಿಗೆ ಹೆಬ್ಬೆರಳು, ತೋರುಬೆರಳು ಬರುವಂತೆ ಹಿಂದಿನಿಂದ ಹಿಡಿಯಿರಿ. ಗಿಳಿಯ ಕಚ್ಚು ಸಾಮಾನ್ಯ ಅಲ್ಲ, ಬೆರಳಿನ ಚರ್ಮ ಕಿತ್ತು ಬರುತ್ತದೆ. ಆದರೆ ಎದೆ ಒತ್ತಬೇಡಿ. ಹಕ್ಕಿಗೆ ನಮ್ಮ ಹಾಗೆ ವಪೆ (ಎದೆಯ ಕೆಳಗಿನ ಉಸಿರಾಟದ ಸ್ನಾಯು) ಇಲ್ಲ, ಎದೆಗೂಡು ಏರಿಳಿದರೆ ಮಾತ್ರ ಉಸಿರು. ಬಿಗಿಯಾಗಿ ಹಿಡಿದರೆ ಕೈಯಲ್ಲೇ ಉಸಿರುಗಟ್ಟುತ್ತದೆ.

ರಟ್ಟಿನ ಪೆಟ್ಟಿಗೆಗೆ ನಾಲ್ಕು ಕಡೆ ತೂತು ಮಾಡಿ, ತಳಕ್ಕೆ ಹಳೇ ಹತ್ತಿ ಬಟ್ಟೆ ಹಾಸಿ, ಗಿಳಿಯನ್ನು ಒಳಗಿಟ್ಟು ಮುಚ್ಚಿ. ತಂತಿ ಪಂಜರ ಬೇಡ. ಹೆದರಿ ಬಡಿದಾಡಿ ರೆಕ್ಕೆ ಮುರಿದುಕೊಳ್ಳುತ್ತದೆ. ಪೆಟ್ಟಿಗೆಯನ್ನು ಕತ್ತಲಿರುವ, ಸದ್ದಿಲ್ಲದ, ಬೆಚ್ಚಗಿನ ಕೋಣೆಯಲ್ಲಿಡಿ. ಫ್ಯಾನ್ ನಿಲ್ಲಿಸಿ. ಹತ್ತಿರದಲ್ಲಿ ನಾನ್‌ಸ್ಟಿಕ್ ಬಾಣಲೆ ಕಾಯಿಸಬೇಡಿ, ಅದು ಅತಿಯಾಗಿ ಕಾದಾಗ ಬರುವ ಹೊಗೆ ಹಕ್ಕಿಗಳಿಗೆ ವಿಷ. ಮಕ್ಕಳು ಐದೈದು ನಿಮಿಷಕ್ಕೆ ಮುಚ್ಚಳ ತೆಗೆದು ನೋಡುವುದೂ ಬೇಡ. ನಮಗೆ ಅದು ಪ್ರೀತಿ. ಗಿಳಿಗೆ ಪ್ರತಿ ಸಲವೂ ಪ್ರಾಣಭಯ.

ಬಾಯಿಗೆ ನೀರು ಹನಿಸಬೇಡಿ. ಎಲ್ಲರೂ ಮೊದಲು ಮಾಡುವುದು ಇದನ್ನೇ, ಅಲ್ವಾ? ನಾಲಿಗೆಯ ಬುಡದಲ್ಲೇ ಉಸಿರಿನ ದಾರಿ ತೆರೆದಿರುತ್ತದೆ. ನೀರು ಅಲ್ಲಿಗೆ ಇಳಿದರೆ ಶ್ವಾಸಕೋಶಕ್ಕೆ ಹೋಗಿ ಸಾಯುತ್ತದೆ. ಎಚ್ಚರವಾಗಿ, ಸರಿಯಾಗಿ ಕೂತಿದ್ದರೆ ಬಾಟಲಿ ಮುಚ್ಚಳದಷ್ಟು ತೆಳುವಾದ ಪಾತ್ರೆಯಲ್ಲಿ ನೀರಿಡಿ, ಬೇಕಿದ್ದರೆ ತಾನೇ ಕುಡಿಯುತ್ತದೆ. ಹಾಲು, ಅನ್ನ, ಬಿಸ್ಕತ್ತು ಯಾವುದೂ ಬೇಡ.

ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ ಮೆತ್ತುವ ಮನೆಮದ್ದು ಹಕ್ಕಿಗೆ ಆಗುವುದಿಲ್ಲ. ರೆಕ್ಕೆ ಜೋತುಬಿದ್ದಿದ್ದರೆ ಕಡ್ಡಿ ಕಟ್ಟಿ ಸರಿಮಾಡಲು ಹೋಗಬೇಡಿ.

ಗಾಜಿಗೆ ಬಡಿದ ಗಿಳಿಗೆ ಬರೀ ತಲೆ ಸುತ್ತಿರಬಹುದು. ಒಂದೆರಡು ಗಂಟೆ ಕತ್ತಲ ಪೆಟ್ಟಿಗೆಯಲ್ಲಿದ್ದರೆ ಚೇತರಿಸಿಕೊಳ್ಳುತ್ತದೆ. ಸಿಕ್ಕ ಜಾಗಕ್ಕೇ ಒಯ್ದು ಮುಚ್ಚಳ ತೆರೆಯಿರಿ. ಹಾರಿದರೆ ಸರಿ, ಇಲ್ಲವಾದರೆ ಡಾಕ್ಟರ ಹತ್ತಿರ. ಬೆಕ್ಕು ಹಿಡಿದದ್ದಾದರೆ ಕಾಯುವ ಮಾತೇ ಇಲ್ಲ. ಹೊರಗೆ ಗೀರೂ ಕಾಣದಿರಬಹುದು. ಆದರೆ ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲಿ ಮುಗಿಯಿತು. ಅವತ್ತೇ ಔಷಧಿ ಬೀಳಬೇಕು.

ನಿಮ್ಮ ಆರೋಗ್ಯವನ್ನೂ ನೋಡಿಕೊಳ್ಳಿ. ಗಿಳಿಗಳಿಂದ ಮನುಷ್ಯರಿಗೆ ಹರಡುವ ಸಿಟ್ಟಕೋಸಿಸ್ ಅನ್ನುವ ಜ್ವರವಿದೆ, ಒಣ ಹಿಕ್ಕೆಯ ಧೂಳಿನಿಂದ ಬರುತ್ತದೆ. ಪೆಟ್ಟಿಗೆ ಶುಚಿ ಮಾಡುವಾಗ ಮಾಸ್ಕ್ ಹಾಕಿ, ಹಾಸಿದ ಬಟ್ಟೆ ಒದ್ದೆ ಮಾಡಿ ತೆಗೆಯಿರಿ, ಸೋಪು ಹಚ್ಚಿ ಕೈ ತೊಳೆಯಿರಿ. ಆಮೇಲೆ ಜ್ವರ, ಕೆಮ್ಮು ಬಂದರೆ ಗಿಳಿ ಮುಟ್ಟಿದ್ದೆ ಅಂತ ವೈದ್ಯರಿಗೆ ಹೇಳಿ.

ಬೆಂಗಳೂರಿನಲ್ಲಾದರೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಇದೆ. ಹಕ್ಕಿ ಮತ್ತು ಸರೀಸೃಪಗಳಿಗಾಗಿಯೇ ಇರುವ ಏವಿಯನ್ ಅಂಡ್ ರೆಪ್ಟೈಲ್ ರಿಹ್ಯಾಬಿಲಿಟೇಶನ್ ಸೆಂಟರ್ ಕೂಡ ಇದೆ. ಬೇರೆ ಊರುಗಳಲ್ಲಿ 1926ಕ್ಕೆ ಕರೆ ಮಾಡಿ, ಜತೆಗೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಒಯ್ಯಿರಿ. ಕಾಡಿನ ಪ್ರಾಣಿ ಪಕ್ಷಿ ಕೈಗೆ ಸಿಕ್ಕರೆ 48 ಗಂಟೆಯೊಳಗೆ ಪೊಲೀಸರಿಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು ಅಂತ ಕಾಯ್ದೆಯ 39ನೇ ಸೆಕ್ಷನ್ ಹೇಳುತ್ತದೆ. "ವಾಸಿ ಆಗೋವರೆಗೆ ನಮ್ಮನೇಲೇ ಇರ್ಲಿ" ಅನ್ನುವ ಒಳ್ಳೆ ಮನಸ್ಸಿಗೂ ಈ ಗಡುವು ಇದೆ.

ಅಂಟು ಮತ್ತು ಮಾಂಜಾ

ಅಂಟಿನಲ್ಲಿ ಸಿಕ್ಕ ಗಿಳಿಯನ್ನು ಎಳೆಯಬೇಡಿ, ಪುಕ್ಕದ ಜತೆ ಚರ್ಮ ಬರುತ್ತದೆ. ಕಡ್ಡಿ ಸಮೇತ ಕತ್ತರಿಸಿ ಇಳಿಸಿ. ಅಂಟಿದ ಕಡೆ ಮೈದಾ ಅಥವಾ ಜೋಳದ ಹಿಟ್ಟು ಉದುರಿಸಿದರೆ ಇನ್ನಷ್ಟು ಅಂಟುವುದು ನಿಲ್ಲುತ್ತದೆ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಹತ್ತಿರವೂ ತರಬೇಡಿ. ತೊಳೆಯುವುದು ತಿಳಿದವರ ಕೆಲಸ, ಒಂದೇ ದಿನದಲ್ಲಿ ಮುಗಿಯದೆಯೂ ಇರಬಹುದು.

ಆಷಾಢದ ಗಾಳಿಗೆ ಗಾಳಿಪಟ ಏರಿದರೆ ಮರಗಳಲ್ಲಿ ದಾರ ಉಳಿಯುತ್ತದೆ. ಮಾಂಜಾದಲ್ಲಿ ನೇತಾಡುವ ಗಿಳಿ ಕಂಡರೆ ದಾರ ಜಗ್ಗಬೇಡಿ. ಕರೆಂಟ್ ತಂತಿ ಹತ್ತಿರವಿದ್ದರೆ ನೀವಂತೂ ಏರಲೇಬೇಡಿ, ಅಗ್ನಿಶಾಮಕ ದಳ ಇಲ್ಲವೇ ವಿದ್ಯುತ್ ಕಂಪನಿಯವರನ್ನು ಕರೆಯಿರಿ. ಕೈಗೆ ಎಟುಕಿದರೆ ಗಿಳಿಯನ್ನು ಟವೆಲಿನಲ್ಲಿ ಹಿಡಿದು, ಎರಡೂ ಕಡೆ ದಾರ ಕತ್ತರಿಸಿ, ಮೈಗೆ ಸುತ್ತಿದ್ದನ್ನು ಹಾಗೇ ಬಿಟ್ಟು ಆಸ್ಪತ್ರೆಗೆ ಒಯ್ಯಿರಿ. ಎಷ್ಟು ಆಳ ಕೊಯ್ದಿದೆ ಅಂತ ಬಿಚ್ಚುವವರೆಗೆ ಗೊತ್ತಾಗುವುದಿಲ್ಲ.

ಹೆಜ್ಜೆ 5: ಮರಿ ನೆಲದ ಮೇಲೆ ಸಿಕ್ಕರೆ

ಮೈತುಂಬ ಪುಕ್ಕ ಇದೆ, ಕುಪ್ಪಳಿಸುತ್ತದೆ, ಆದರೆ ಹಾರಲು ಬರುವುದಿಲ್ಲ ಅಂದರೆ ಅದು ಹಾರಾಟ ಕಲಿಯುತ್ತಿರುವ ಮರಿ. ಮನೆಗೆ ತಂದರೆ ಅದು ರಕ್ಷಣೆ ಅಲ್ಲ, ಕಳ್ಳತನವೇ. ಬೆಕ್ಕು ನಾಯಿಗೆ ಎಟುಕದ ಕೊಂಬೆಯ ಮೇಲೆ ಕೂರಿಸಿ ದೂರ ಸರಿಯಿರಿ. ನೀವು ಪಕ್ಕದಲ್ಲೇ ನಿಂತಿದ್ದರೆ ತಾಯಿ ಇಳಿಯುವುದಿಲ್ಲ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು, ಧೈರ್ಯವಾಗಿ ಎತ್ತಿಡಿ.

ಬೋಳು ಮೈ, ಅಥವಾ ಹಸಿರು ಮುಳ್ಳಿನಂತೆ ಪುಕ್ಕ ಆಗತಾನೇ ಮೊಳೆಯುತ್ತಿದೆ ಅಂದರೆ ಪೊಟರೆಯಿಂದ ಬಿದ್ದ ಎಳೆ ಮರಿ. ಪೊಟರೆ ಎಟುಕುವಂತಿದ್ದರೆ ವಾಪಸ್ ಇಡಿ. ಆಗದಿದ್ದರೆ ಮೊದಲು ಬೆಚ್ಚಗೆ ಮಾಡಿ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಡಿ. ಸೆಕೆ ಆದರೆ ಮರಿ ಸರಿದುಕೊಳ್ಳಲು ಇನ್ನೊಂದು ಬದಿ ಖಾಲಿ ಇರಲಿ. ತಣ್ಣಗಿರುವ ಮರಿಗೆ ಏನನ್ನೂ ತಿನ್ನಿಸಬಾರದು, ಅದಕ್ಕೆ ಅರಗುವುದಿಲ್ಲ. ಮರಿಗೆ ಉಣಿಸುವುದು ಅನುಭವ ಬೇಕಾದ ಕೆಲಸ. ಯೂಟ್ಯೂಬ್ ನೋಡಿ ಸಿರಿಂಜ್ ಹಿಡಿಯುವ ಬದಲು ಕೇಂದ್ರಕ್ಕೆ ಫೋನ್ ಮಾಡಿ, ಅವರು ಹೇಳಿದಷ್ಟೇ ಮಾಡಿ.

ದೊಡ್ಡ ಗಿಳಿ ಒಂದು ರಾತ್ರಿ ನಿಮ್ಮಲ್ಲೇ ಉಳಿಯಬೇಕಾಗಿ ಬಂದರೆ ಸೀಬೆಹಣ್ಣು, ಎಳೆ ಮೆಕ್ಕೆಜೋಳ, ನೆನೆಸಿದ ಕಡಲೆಕಾಳು, ಹಸಿಮೆಣಸಿನಕಾಯಿ ಇಡಬಹುದು. ಖಾರ ಅದಕ್ಕೆ ತಾಗುವುದಿಲ್ಲ. ಬೆಣ್ಣೆಹಣ್ಣು, ಚಾಕೊಲೇಟ್, ಉಪ್ಪಿನ ತಿಂಡಿ, ಕಾಫಿ ಟೀ ಕೊಡಲೇಬೇಡಿ. ಬೆಣ್ಣೆಹಣ್ಣು ಗಿಳಿಗೆ ವಿಷ.

ಹೆಜ್ಜೆ 6: ಮನೆಯಲ್ಲಿ ಈಗಾಗಲೇ ಪಂಜರದ ಗಿಳಿ ಇದ್ದರೆ

ಇದು ಸ್ವಲ್ಪ ನಾಜೂಕಿನ ವಿಷಯ. ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಆ ಗಿಳಿಯೇ ಜತೆ. ಹೆಸರಿಟ್ಟು, ಮಾತು ಕಲಿಸಿ, ಮೊಮ್ಮಗುವಿನ ಹಾಗೆ ನೋಡಿಕೊಂಡಿರುತ್ತಾರೆ. ಅಂಥವರ ಮುಂದೆ ಜೈಲು ಅಂತ ಶುರುಮಾಡಿದರೆ ಅವರು ಗಾಬರಿಯಾಗಿ ರಾತ್ರೋರಾತ್ರಿ ಪಂಜರದ ಬಾಗಿಲು ತೆಗೆದುಬಿಡುತ್ತಾರೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಯಾಕೆ ಅಂತ ಕೇಳಿ. ಮಾರುವವರು ರೆಕ್ಕೆಯ ಪುಕ್ಕ ಕತ್ತರಿಸಿರುತ್ತಾರೆ. ಅದು ಉದುರಿ ಹೊಸದು ಬರಲು ತಿಂಗಳುಗಟ್ಟಲೆ ಬೇಕು. ವರ್ಷಗಟ್ಟಲೆ ಹಾರದ ಎದೆಯ ಸ್ನಾಯು ಸೊರಗಿರುತ್ತದೆ. ಆಹಾರ ಹುಡುಕಲು ಗೊತ್ತಿಲ್ಲ, ಹದ್ದು ಗಿಡುಗದ ಭಯ ಗೊತ್ತಿಲ್ಲ, ಮನುಷ್ಯರನ್ನು ಕಂಡರೆ ಹೆಗಲಿಗೆ ಬಂದು ಕೂರುತ್ತದೆ. ಹೊರಗೆ ಬಿಟ್ಟ ಕೆಲವೇ ದಿನದಲ್ಲಿ ಕಾಗೆ, ಬೆಕ್ಕು, ಹಸಿವು ಇವುಗಳಲ್ಲಿ ಯಾವುದಾದರೂ ಒಂದು ಮುಗಿಸುತ್ತದೆ. ಪಂಜರದಲ್ಲಿ ಅಂಟಿದ ರೋಗವನ್ನು ಕಾಡಿನ ಗುಂಪಿಗೆ ಒಯ್ಯುವ ಅಪಾಯವೂ ಇದೆ. ಬೇರೆ ರಾಜ್ಯದಿಂದ ಸಾಗಿಸಿ ತಂದ ಗಿಳಿಯಾದರೆ ಇಲ್ಲಿ ಬಿಡುವುದೇ ತಪ್ಪಾಗಬಹುದು.

ಹಾಗಾಗಿ ಅರಣ್ಯ ಇಲಾಖೆಗೆ ತಾವಾಗಿಯೇ ಒಪ್ಪಿಸುವುದು ಸರಿಯಾದ ದಾರಿ. ಮನೆಯವರ ಜತೆ ಕೂತು ಮಾತಾಡಿ. "ಅಮ್ಮ, ಇದು ಇನ್ನೂ ಇಪ್ಪತ್ತು ವರ್ಷ ಬದುಕಬಹುದು. ನಿಮ್ಮ ನಂತರ ಯಾರು ನೋಡ್ಕೋತಾರೆ?" ಅನ್ನುವ ಪ್ರಶ್ನೆ ಕಾನೂನಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಯಾವ ರಕ್ಷಣಾ ಕೇಂದ್ರದಲ್ಲಿ ಜಾಗವಿದೆ ಅಂತ ಮೊದಲು ಕೇಳಿ, ಅವರ ಮೂಲಕವೇ ಅರಣ್ಯ ಅಧಿಕಾರಿಗಳಿಗೆ ತಿಳಿಸಿ. ಗಿಳಿಯನ್ನು ಎಲ್ಲಿಂದ ತಂದರು, ಎಷ್ಟು ವರ್ಷವಾಯಿತು, ಏನು ತಿನ್ನುತ್ತದೆ, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಮಾರಿದವರ ವಿವರ ಸಿಕ್ಕರೆ ತನಿಖೆಗೂ ಉಪಯೋಗ.

ಹೊಲ, ತೋಟದವರಿಗೆ

ಗಿಳಿ ಬೆಳೆ ತಿನ್ನುತ್ತದೆ ಅನ್ನುವುದು ನಿಜ. ಸೂರ್ಯಕಾಂತಿ, ಮೆಕ್ಕೆಜೋಳ, ಸೀಬೆ, ದಾಳಿಂಬೆ ಬೆಳೆದವರನ್ನು ಕೇಳಿದರೆ ಗೊತ್ತಾಗುತ್ತದೆ. ತಿನ್ನುವುದಕ್ಕಿಂತ ಕೊಕ್ಕಿನಿಂದ ಕಚ್ಚಿ ಬೀಳಿಸುವುದೇ ಹೆಚ್ಚು. ಪೇಟೆಯಲ್ಲಿ ಕೂತು ರೈತರಿಗೆ ಬುದ್ಧಿ ಹೇಳುವುದು ಸುಲಭ. ಆದರೂ ಹಿಡಿದು ಮಾರುವವನನ್ನು ಹೊಲಕ್ಕೆ ಕರೆದರೆ ನಷ್ಟ ತಪ್ಪುವುದಿಲ್ಲ. ಇವತ್ತು ಹಿಡಿದ ಗುಂಪಿನ ಜಾಗಕ್ಕೆ ನಾಳೆ ಇನ್ನೊಂದು ಗುಂಪು ಬರುತ್ತದೆ.

ಕೆಲಸ ಮಾಡುವುದು ಹಳೇ ಉಪಾಯಗಳೇ. ಕಾಳು ಹಾಲುಗಟ್ಟುವ ದಿನದಿಂದ ಕೊಯ್ಲಿನವರೆಗೆ ಬೆಳಿಗ್ಗೆ ಮತ್ತು ಸಂಜೆ ಅಟ್ಟಣೆಯಲ್ಲಿ ಆಳಿರಬೇಕು, ತಗಡು ಬಡಿಯಬೇಕು. ಹೊಳೆಯುವ ರಿಬ್ಬನ್ ಗಾಳಿಗೆ ಗುಂಯ್‌ಗುಡುವಂತೆ ತಿರುಚಿ ಕಟ್ಟಿ. ಒಂದೇ ಉಪಾಯಕ್ಕೆ ಗಿಳಿ ಬೇಗ ಒಗ್ಗಿಕೊಳ್ಳುತ್ತದೆ, ಆಗಾಗ ಜಾಗ ಬದಲಿಸಿ. ಸೀಬೆ, ದಾಳಿಂಬೆಗೆ ಕಾಯಿ ಇರುವಾಗಲೇ ಚೀಲ ಕಟ್ಟಿದರೆ ಹುಳದ ಕಾಟವೂ ಕಡಿಮೆ. ಬಲೆ ಹಾಕುವುದಾದರೆ ಬಿಗಿಯಾಗಿ ಎಳೆದು ಕಟ್ಟಿ. ಸಡಿಲ ನೈಲಾನ್ ಬಲೆಯಲ್ಲಿ ಗಿಳಿ ಮಾತ್ರವಲ್ಲ, ಗೂಬೆ, ಕೇರೆಹಾವು ಕೂಡ ಸಿಕ್ಕಿ ಸಾಯುತ್ತವೆ. ಇಲಿ ತಿನ್ನುವುದು ಅವೇ ತಾನೆ.

ಹೆಜ್ಜೆ 7: ಬಿಡುಗಡೆ ಅವರಿಗೇ ಬಿಡಿ

ವಶಪಡಿಸಿಕೊಂಡ ಗಿಳಿಗಳನ್ನು ಅವತ್ತೇ ಆಕಾಶಕ್ಕೆ ಹಾರಿಬಿಟ್ಟು ಫೋಟೊ ತೆಗೆಸಿಕೊಳ್ಳುವ ಚಟ ಕೆಲವರಿಗಿದೆ. ಪತ್ರಿಕೆಯಲ್ಲಿ ಚೆನ್ನಾಗಿ ಕಾಣುತ್ತದೆ. ಆಗತಾನೇ ಹಿಡಿದ, ಗಾಯವಿಲ್ಲದ ದೊಡ್ಡ ಗಿಳಿಯನ್ನು ಹಿಡಿದ ಜಾಗದಲ್ಲೇ ಬೇಗ ಬಿಡುವುದು ಒಳ್ಳೆಯದೇ. ಆದರೆ ಕೇಸಿನ ಗಿಳಿಯಾದರೆ ಅಧಿಕಾರಿ, ನ್ಯಾಯಾಲಯದ ಅನುಮತಿ ಬೇಕು. ಮರಿಗಳಾದರೆ ಬೆಳೆಯಬೇಕು. ಪುಕ್ಕ ಕತ್ತರಿಸಿದವು ಕಾಯಬೇಕು.

ಕೇಂದ್ರದಲ್ಲಿ ಮೊದಲು ಬೇರೆ ಗಿಳಿಗಳಿಂದ ದೂರ ಇಟ್ಟು ರೋಗ ಇದೆಯಾ ಅಂತ ನೋಡುತ್ತಾರೆ. ಆಮೇಲೆ ತಮ್ಮ ಜಾತಿಯ ಗುಂಪಿಗೆ ಸೇರಿಸುತ್ತಾರೆ, ಮನುಷ್ಯರ ಮುಖ ಆದಷ್ಟು ಕಾಣದಂತೆ ನೋಡಿಕೊಳ್ಳುತ್ತಾರೆ. ದೊಡ್ಡ ಪಂಜರದಲ್ಲಿ ಹಾರಿಸಿ ರೆಕ್ಕೆಗೆ ಬಲ ತರಿಸುತ್ತಾರೆ. ಕೊಂಬೆ ಸಮೇತ ಕಾಡುಹಣ್ಣು ಕೊಟ್ಟು ತಾನೇ ಕಿತ್ತು ತಿನ್ನುವುದನ್ನು ಕಲಿಸುತ್ತಾರೆ. ಕೊನೆಗೆ ಕಾಡುಗಿಳಿಗಳು ಓಡಾಡುವ ಕಡೆ ಪಂಜರದ ಕಿಟಕಿ ತೆರೆದಿಟ್ಟು, ಕೆಲವು ದಿನ ಅಲ್ಲೇ ಆಹಾರ ಇಟ್ಟು, ಅವಾಗಿಯೇ ಹೋಗಲು ಬಿಡುತ್ತಾರೆ. ಹಾರಲಾರದವು, ಮನುಷ್ಯರನ್ನು ಬಿಟ್ಟಿರಲಾರದವು ಜೀವನವಿಡೀ ಅಲ್ಲೇ ಉಳಿಯುತ್ತವೆ.

ನೀವು ಒಪ್ಪಿಸಿದ ಗಿಳಿಯನ್ನು ನೋಡಬೇಕು ಅನ್ನಿಸುವುದು ಸಹಜ. ಬಿಡುವುದಿಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಮೇಲೆ ಹೇಳಿದ್ದೇ. ಒಪ್ಪಿಸುವಾಗ ಕೊಟ್ಟ ನೋಂದಣಿ ಸಂಖ್ಯೆ ಇಟ್ಟುಕೊಂಡು ಫೋನಿನಲ್ಲಿ ವಿಚಾರಿಸಬಹುದು. ಕೈಲಾದ ಸಹಾಯ ಮಾಡಬೇಕು ಅನ್ನಿಸಿದರೆ ಹಳೇ ಟವೆಲ್, ದಿನಪತ್ರಿಕೆ, ಗಟ್ಟಿ ರಟ್ಟಿನ ಪೆಟ್ಟಿಗೆ, ಸಿಪ್ಪೆ ಸಮೇತ ಮೆಕ್ಕೆಜೋಳ, ಹುಳ ಹಿಡಿಯದ ಕಡಲೆಕಾಳು ಇವು ದಿನವೂ ಬೇಕಾಗುವ ಸಾಮಾನು. ಯಾವುದು ಬೇಕು ಅಂತ ಮೊದಲೇ ಕೇಳಿಕೊಂಡು ತಗೊಂಡು ಹೋಗಿ, ಗೇಟಿನಲ್ಲಿ ಕೊಟ್ಟು ಬನ್ನಿ.